ಮನೆಯೊಳಗೆ ಮೆಣಸಿನಕಾಯಿ ಗಿಡ ಬೆಳೆಸುವಾಗ ಅನುಭವಿ ಬೆಳೆಗಾರರಲ್ಲಿ ಯಾರ ಮಾತು ಕೇಳಬೇಕು?

ಕುಂಡದಲ್ಲಿ ಮೊದಲ ಬಾರಿಗೆ ಮೆಣಸಿನಕಾಯಿ ಗಿಡ ಬೆಳೆಸುತ್ತಿರುವುದಾಗಿಯೂ, ಎಲೆ ಮುದುರಿದೆ ಎಂದು ಕೇಳಿದಾಗ ಒಬ್ಬರು ನೀರು ಕಡಿಮೆ ಮಾಡಿ ಎಂದರೆ ಇನ್ನೊಬ್ಬರು ಸುಣ್ಣದ ಅಂಶ (ಕ್ಯಾಲ್ಸಿಯಂ) ಕೊಡಿ ಎಂದೂ, ಮತ್ತೊಬ್ಬರು ಗಿಡವನ್ನೇ ಕಿತ್ತುಹಾಕಿ ಎಂದೂ ಹೇಳುತ್ತಿರುವುದಾಗಿಯೂ ಬರೆದಿದ್ದೀರಿ. ನಾನೂ ಈ ಕೆಲಸವನ್ನು ಬಹುಮಟ್ಟಿಗೆ ಇತರ ಬೆಳೆಗಾರರಿಂದಲೇ ಕಲಿತವನು. ನನ್ನ ಅಭಿಪ್ರಾಯದಲ್ಲಿ ಆ ಮೂವರೂ ತಪ್ಪು ಹೇಳಿಲ್ಲ. ನೀವು ಕೊಟ್ಟ ವಿವರ ಸಾಲದೆ ಹೋದುದರಿಂದ ಪ್ರತಿಯೊಬ್ಬರೂ ತಮ್ಮ ಗಿಡಕ್ಕೆ ಹಿಂದೆ ಬಂದಿದ್ದ ತೊಂದರೆಯನ್ನೇ ನಿಮ್ಮ ಗಿಡದಲ್ಲಿಯೂ ಕಂಡಿದ್ದಾರೆ.

‘ಎಲೆ ಮುದುರಿದೆ’ ಎಂಬ ಎರಡು ಪದಗಳ ಹಿಂದೆ ಎಷ್ಟು ಕಾರಣಗಳಿರಬಹುದು ನೋಡಿ. ಎಲೆಯ ಅಂಚು ಮೇಲ್ಮುಖವಾಗಿ ದೋಣಿಯಂತೆ ಮಡಚಿಕೊಂಡಿದ್ದರೆ ಸಾಮಾನ್ಯವಾಗಿ ಅದು ಥ್ರಿಪ್ಸ್ ಎಂಬ, ರಸ ಹೀರುವ ಸಣ್ಣ ಕೀಟದ ಕೆಲಸ. ಎಳೆಯ ಎಲೆಗಳು ಕೆಳಮುಖವಾಗಿ ಮುದುರಿ, ಕಿರಿದಾಗಿ, ತೊಟ್ಟು ಉದ್ದವಾದಂತೆ ಕಂಡರೆ ಮೊದಲು ನುಸಿಯನ್ನು ಸಂಶಯಿಸಬೇಕು. ಅದು ಬರಿಗಣ್ಣಿಗೆ ಕಾಣುವುದೇ ಕಷ್ಟವಾದ್ದರಿಂದ ಹೊಸಬರು ಅದನ್ನು ಪೋಷಕಾಂಶದ ಕೊರತೆಯೆಂದು ತಿಳಿದು ಗೊಬ್ಬರ ಸುರಿಯುತ್ತಾರೆ. ಬಿಳಿ ನೊಣಗಳು ಹರಡುವ ಮುಟುರು ರೋಗವಾದರೆ ಗಿಡದ ಬೆಳವಣಿಗೆಯೇ ಕುಗ್ಗಿ ತುದಿಯೆಲ್ಲ ಗಿಡ್ಡ ಗೊಂಚಲಾಗುತ್ತದೆ, ಮತ್ತು ಅದು ವೈರಸ್ ಆದ್ದರಿಂದ ಔಷಧವಿಲ್ಲ. ಕಿತ್ತುಹಾಕಿ ಎಂದವರ ಮನಸ್ಸಿನಲ್ಲಿ ಇದೇ ಇದ್ದಿರಬೇಕು. ಇನ್ನು ಗಿಡಕ್ಕೆ ಬೆಳಕು ಕೊಡಲು ಇಟ್ಟ ದೀಪ ತೀರ ಹತ್ತಿರವಿದ್ದು ಶಾಖ ಹೆಚ್ಚಾದರೂ, ಬೇರು ಸದಾ ನೆನೆದಿದ್ದು ಗಾಳಿ ಸಿಗದಿದ್ದರೂ ಎಲೆ ಮುದುರುವುದುಂಟು.

ಆದ್ದರಿಂದ ಮತ್ತೊಮ್ಮೆ ಕೇಳುವಾಗ ಹೊಸ ಎಲೆ ಮುದುರಿದೆಯೋ ಹಳೆಯದೋ, ಮೇಲಕ್ಕೋ ಕೆಳಕ್ಕೋ ಎಂಬುದನ್ನು ಮೊದಲು ಹೇಳಿ. ಎಲೆಯ ಹಿಂಬದಿಯ ಚಿತ್ರವನ್ನು ಹಗಲಿನ ಬೆಳಕಿನಲ್ಲಿ ತೆಗೆಯಿರಿ. ನೇರಳೆ ಬಣ್ಣದ ದೀಪದ ಕೆಳಗೆ ತೆಗೆದ ಚಿತ್ರದಲ್ಲಿ ಹಳದಿ ಎಲೆಗೂ ಹಸಿರು ಎಲೆಗೂ ವ್ಯತ್ಯಾಸ ತಿಳಿಯುವುದಿಲ್ಲ. ಕುಂಡದ ಅಳತೆ, ಅದರೊಳಗೆ ತುಂಬಿರುವುದು ಮಣ್ಣೋ ಕೊಕೊಪೀಟೋ (ತೆಂಗಿನ ನಾರಿನ ಪುಡಿ), ನೀರು ಯಾವಾಗ ಹಾಕುತ್ತೀರಿ, ದೀಪ ದಿನಕ್ಕೆ ಎಷ್ಟು ಗಂಟೆ ಉರಿಯುತ್ತದೆ, ಕಳೆದ ಕೆಲವು ವಾರಗಳಲ್ಲಿ ಏನನ್ನು ಬದಲಾಯಿಸಿದಿರಿ ಎಂಬುದನ್ನೂ ಸೇರಿಸಿ. ಮಣ್ಣೋ ಕೊಕೊಪೀಟೋ ಎಂಬ ಒಂದೇ ಅಂಶದಿಂದ ಉತ್ತರ ತಲೆಕೆಳಗಾಗುತ್ತದೆ. ಕೊಕೊಪೀಟಿನಲ್ಲಿ ತನ್ನದೇ ಆದ ಪೋಷಕಾಂಶ ಬಹಳ ಕಡಿಮೆ, ಜೊತೆಗೆ ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರಲ್ಲಿ ಬೆಳೆಸುವವರಿಗೆ ಸರಿಯಾದ ಸಲಹೆಯನ್ನು ಗೊಬ್ಬರ ಬೆರೆಸಿದ ಮಣ್ಣಿಗೆ ಅನ್ವಯಿಸಿದರೆ ಅಗತ್ಯವಿಲ್ಲದ ಲವಣ ಬೇರಿನ ಸುತ್ತ ಕೂಡಿಕೊಳ್ಳುತ್ತದೆ.

ಯಾರನ್ನು ನಂಬಬೇಕೆಂಬ ಪ್ರಶ್ನೆಗೆ ನನ್ನ ಅಳತೆಗೋಲು ಸರಳ. ಉತ್ತರಿಸುವ ಮೊದಲು ನಿಮ್ಮನ್ನೇ ಮರುಪ್ರಶ್ನೆ ಕೇಳುವವರಿಗೆ ಹೆಚ್ಚು ಬೆಲೆ ಕೊಡುತ್ತೇನೆ. ಚಿತ್ರ ನೋಡಿದ ಕೂಡಲೇ ಯಾವುದೋ ದ್ರಾವಣದ ಹೆಸರು ಹೇಳುವವರಿಗೆ, ಅವರು ಎಷ್ಟೇ ಹಳಬರಾಗಿದ್ದರೂ, ಅಷ್ಟಾಗಿ ಕಿವಿಗೊಡುವುದಿಲ್ಲ. ಸಲಹೆಯ ಜೊತೆಗೆ ಕಾರಣ ಹೇಳಿದರೆ ಅದನ್ನು ನೀವೇ ಪರೀಕ್ಷಿಸಬಹುದು. ಉದಾಹರಣೆಗೆ, ಹೂ ಉದುರುತ್ತಿದೆ ಎಂದಾಗ ‘ಹಗಲು 32 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪರಾಗ ಕೆಡುತ್ತದೆ, ಕೋಣೆಯ ಉಷ್ಣತೆ ನೋಡಿ’ ಎಂದವರ ಮಾತನ್ನು ಒಂದು ಥರ್ಮಾಮೀಟರಿನಿಂದ ತಾಳೆ ನೋಡಲು ಸಾಧ್ಯ. ಮನೆಯೊಳಗೆ ಗಾಳಿಯಾಡದ ಕಾರಣ ಹೂಗೊಂಚಲನ್ನು ಮೆಲ್ಲಗೆ ಅಲುಗಿಸಿ ಎಂಬುದೂ ಅಂಥದೇ ಸಲಹೆ: ಮೆಣಸಿನಕಾಯಿಯ ಹೂವಿನಲ್ಲಿ ಗಂಡು ಹೆಣ್ಣು ಭಾಗಗಳೆರಡೂ ಇರುವುದರಿಂದ ಅಷ್ಟು ಅಲುಗಾಟವೇ ಪರಾಗಸ್ಪರ್ಶಕ್ಕೆ ಸಾಕಾಗುತ್ತದೆ, ಖರ್ಚೂ ಇಲ್ಲ.

ತಳಿಯ ಹೆಸರನ್ನು ಹೇಳಲು ಮರೆಯಬೇಡಿ. ಸಾಮಾನ್ಯ ಮೆಣಸಿನಕಾಯಿ ಬೆಚ್ಚನೆಯ ಜಾಗದಲ್ಲಿ ಒಂದೆರಡು ವಾರಗಳಲ್ಲಿ ಮೊಳೆಯುತ್ತದೆ. ಹಬನೇರೊದಂಥ ಅತಿ ಖಾರದ ತಳಿಗಳು ಮೂರು ನಾಲ್ಕು ವಾರ ತೆಗೆದುಕೊಳ್ಳುವುದೂ ಇದೆ. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಿಡಿದು ಒಳ್ಳೆಯ ಬೀಜವನ್ನು ಕೆದಕಿ ಹಾಳುಮಾಡುವವರು ಅನೇಕರಿದ್ದಾರೆ.

ಎರಡು ಸಲಹೆಗಳನ್ನು ಒಟ್ಟಿಗೆ ಜಾರಿಗೆ ತರಬೇಡಿ. ಗಿಡ ಚೇತರಿಸಿಕೊಂಡರೂ ಯಾವುದರಿಂದ ಎಂದು ತಿಳಿಯುವುದಿಲ್ಲ. ಪರಿಣಾಮವನ್ನು ಹೊಸ ಚಿಗುರಿನಲ್ಲಿ ನೋಡಬೇಕು, ಏಕೆಂದರೆ ಒಮ್ಮೆ ವಿಕಾರಗೊಂಡ ಎಲೆ ಮತ್ತೆ ಮೊದಲಿನಂತಾಗುವುದಿಲ್ಲ. ಫಲಿತಾಂಶ ಏನೇ ಆಗಲಿ, ಸಲಹೆ ಕೊಟ್ಟವರಿಗೆ ತಿಳಿಸಿ. ಮುಂದಿನ ಬಾರಿ ಅವರು ಹೆಚ್ಚು ಗಮನವಿಟ್ಟು ಉತ್ತರಿಸುವುದನ್ನು ನಾನು ಕಂಡಿದ್ದೇನೆ.

ಸದ್ಯಕ್ಕೆ ಗಿಡವನ್ನು ಕೀಳಬೇಡಿ, ಸುಣ್ಣದ ಅಂಶವನ್ನೂ ಕೊಡಬೇಡಿ. ಅದನ್ನು ಉಳಿದ ಕುಂಡಗಳಿಂದ ದೂರವಿರಿಸಿ, ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಿಂದ ತುದಿಯ ಎಳೆ ಎಲೆಗಳ ಹಿಂಬದಿಯನ್ನು ನೋಡಿ, ಮೇಲ್ಮಣ್ಣಿನಲ್ಲಿ ಬೆರಳನ್ನು ಎರಡು ಗೆಣ್ಣಿನಷ್ಟು ಇಳಿಸಿ ತೇವ ಎಷ್ಟಿದೆಯೆಂದು ಪರೀಕ್ಷಿಸಿ, ಕಂಡದ್ದನ್ನು ಇಲ್ಲಿಯೇ ಕೆಳಗೆ ಬರೆಯಿರಿ.