ಬರಲಿರುವ ಅಂತರಿಕ್ಷ ಸಿನಿಮಾದಲ್ಲಿ ತೋರಿಸುವಂತೆ ನಾಲ್ಕು ವರ್ಷದೊಳಗೆ ಪ್ರಾಕ್ಸಿಮಾ ನಕ್ಷತ್ರ ತಲುಪಲು ಸಾಧ್ಯವೇ?

ಟ್ರೇಲರ್ ನೋಡಿ ನೀವು ಕೇಳಿರುವುದು ಮೂರು ಸಂಗತಿ. ನೌಕೆಯಲ್ಲಿರುವವರು ನಾಲ್ಕು ವರ್ಷ ತುಂಬುವ ಮೊದಲೇ ಪ್ರಾಕ್ಸಿಮಾ ಸೆಂಟಾರಿ ತಲುಪುತ್ತಾರೆ, ಒಳಗೆ ನೆಲದ ಮೇಲೆ ಸಹಜವಾಗಿ ನಡೆದಾಡುತ್ತಾರೆ, ಎಂಜಿನ್ ಒಂದೇ ಸಮನೆ ಉರಿಯುತ್ತಿರುತ್ತದೆ. ಈ ಮೂರೂ ಒಂದಕ್ಕೊಂದು ಚೆನ್ನಾಗಿಯೇ ಹೊಂದುತ್ತವೆ. ಕಥೆ ಬರೆದವರು ಯಾರೋ ಕೂತು ಲೆಕ್ಕ ಹಾಕಿದ್ದಾರೆ ಅನಿಸುತ್ತದೆ, ಅದಕ್ಕೇ ಈ ಸಿನಿಮಾದ ಬಗ್ಗೆ ನನಗೆ ಆಸೆ ಹುಟ್ಟಿದೆ. ಕಷ್ಟ ಇರುವುದು ಇಂಧನದಲ್ಲಿ, ಅದಕ್ಕಿಂತ ಹೆಚ್ಚಾಗಿ ಶಾಖದಲ್ಲಿ.

ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಇರುವುದು 4.24 ಜ್ಯೋತಿರ್ವರ್ಷ ದೂರದಲ್ಲಿ, ಅಂದರೆ ಬೆಳಕಿಗೂ ಅಲ್ಲಿಗೆ 4.24 ವರ್ಷ ಬೇಕು. ನಾಸಾದ ವಾಯೇಜರ್ 1 ನೌಕೆ ಸೆಕೆಂಡಿಗೆ ಸುಮಾರು 17 ಕಿ.ಮೀ. ವೇಗದಲ್ಲಿ ಹೋಗುತ್ತಿದೆ, ಆ ವೇಗದಲ್ಲಾದರೆ ಇಷ್ಟು ದೂರಕ್ಕೆ ಸುಮಾರು 75,000 ವರ್ಷ ಬೇಕು. ಆದರೆ ಎಂಜಿನ್ ಆರಿಸದೆ 1 ಜಿ ವೇಗೋತ್ಕರ್ಷದಲ್ಲಿ (ಭೂಮಿಯ ಗುರುತ್ವದಷ್ಟೇ ಪ್ರಮಾಣದಲ್ಲಿ ವೇಗ ಹೆಚ್ಚಿಸುತ್ತಾ) ಅರ್ಧ ದಾರಿ ಹೋಗಿ, ಅಲ್ಲಿ ನೌಕೆಯನ್ನು ಹಿಂದುಮುಂದಾಗಿ ತಿರುಗಿಸಿ, ಉಳಿದರ್ಧ ಅಷ್ಟೇ ಪ್ರಮಾಣದಲ್ಲಿ ವೇಗ ತಗ್ಗಿಸುತ್ತಾ ಬಂದರೆ ಒಳಗಿನ ಗಡಿಯಾರದಲ್ಲಿ ಕಳೆಯುವುದು ಸುಮಾರು ಮೂರೂವರೆ ವರ್ಷ. ಭೂಮಿಯ ಗಡಿಯಾರದಲ್ಲಿ 5.9 ವರ್ಷ. ನಡುದಾರಿಯಲ್ಲಿ ವೇಗ ಬೆಳಕಿನ ಶೇ. 95ರಷ್ಟಾಗುತ್ತದೆ. ವೇಗ ಬೆಳಕಿನ ಹತ್ತಿರಕ್ಕೆ ಬಂದಂತೆ ನೌಕೆಯ ಗಡಿಯಾರ ಭೂಮಿಯದಕ್ಕಿಂತ ನಿಧಾನವಾಗುತ್ತದೆ ಎನ್ನುವ ಐನ್‌ಸ್ಟೈನ್ ಸಾಪೇಕ್ಷತೆಯಿಂದ ನೇರವಾಗಿ ಬರುವ ಉತ್ತರ ಇದು, ಇದರಲ್ಲಿ ಕಟ್ಟುಕಥೆ ಏನೂ ಇಲ್ಲ.

ನಡೆದಾಡುವುದಕ್ಕೂ ಅದೇ ವೇಗೋತ್ಕರ್ಷ ಸಾಕು. ಆಗ ಎಂಜಿನ್ ಇರುವ ಕಡೆಯೇ 'ಕೆಳಗೆ'. ಕೋಣೆಗಳು ಬಹುಮಹಡಿ ಕಟ್ಟಡದ ಅಂತಸ್ತುಗಳಂತೆ ಒಂದರ ಮೇಲೊಂದು ಇರಬೇಕು. ವಿಮಾನದ ಹಾಗೆ ಉದ್ದಕ್ಕೆ ಜೋಡಿಸಿದ್ದರೆ ಅಲ್ಲಿಗೆ ತಪ್ಪಿತು. ಸುತ್ತುವುದರಿಂದಲೇ ಒಳಗಿನವರಿಗೆ ಗುರುತ್ವದ ಅನುಭವ ಕೊಡುವ ತಿರುಗುವ ಉಂಗುರವನ್ನೂ ತೋರಿಸಿದರೆ ಎಂಜಿನ್ ಉರಿಯುವಾಗ ಅದು ನಿಂತಿದೆಯೇ ನೋಡಿ. ಎರಡೂ 1 ಜಿ ಕೊಡುತ್ತಿದ್ದರೆ ಒಳಗಿನವರ ಮೇಲೆ ಒಟ್ಟು 1.4 ಜಿ ಬೀಳುತ್ತದೆ, ಅದೂ 45 ಡಿಗ್ರಿ ಓರೆಯಾಗಿ. ಎಂಜಿನ್ ಆರಿಸಿದಾಗ ಮಾತ್ರ ಉಂಗುರಕ್ಕೆ ಅರ್ಥ. ಆಗಲೂ ಅಳತೆ ಮುಖ್ಯ: ನಿಮಿಷಕ್ಕೆ 2 ಸುತ್ತಿನಲ್ಲಿ 1 ಜಿ ಬೇಕಾದರೆ ತ್ರಿಜ್ಯ 224 ಮೀಟರ್. 10 ಮೀಟರ್ ತ್ರಿಜ್ಯದ ಪುಟ್ಟ ಉಂಗುರವಾದರೆ ನಿಮಿಷಕ್ಕೆ ಒಂಬತ್ತೂವರೆ ಸುತ್ತು ಹೊಡೆಯಬೇಕು. ಅದರಲ್ಲಿ ನಿಂತವರ ತಲೆಗೆ ಪಾದಕ್ಕಿಂತ ಸುಮಾರು ಶೇ. 17 ಕಡಿಮೆ ಗುರುತ್ವ, ಕತ್ತು ಹೊರಳಿಸಿದರೆ ತಲೆಸುತ್ತು, ವಾಂತಿ.

ಇನ್ನು ಇಂಧನ. 1903ರಲ್ಲಿ ರಷ್ಯಾದ ತ್ಸಿಯೋಲ್ಕೋವ್‌ಸ್ಕಿ ಪ್ರಕಟಿಸಿದ, ಬೇಕಾದ ವೇಗಕ್ಕೆ ಎಷ್ಟು ಇಂಧನ ಬೇಕೆಂದು ಹೇಳುವ ರಾಕೆಟ್ ಸಮೀಕರಣವನ್ನು ಸಾಪೇಕ್ಷತೆಗೆ ಹೊಂದಿಸಿ ಹಾಕಿ ನೋಡಿ. ಊಹಿಸಬಹುದಾದ ಅತ್ಯುತ್ತಮ ರಾಕೆಟ್ ಎಂದರೆ ವಸ್ತು ಮತ್ತು ಆಂಟಿಮ್ಯಾಟರ್ (ವಸ್ತುವಿಗೆ ತಾಗಿದರೆ ಎರಡೂ ಅಳಿದು ಶಕ್ತಿಯಾಗುವ ಪ್ರತಿವಸ್ತು) ಪೂರ್ತಿ ಬೆಳಕಾಗಿ ಹಿಂದಕ್ಕೆ ಚಿಮ್ಮುವಂಥದ್ದು. ಅದಕ್ಕೂ ಈ ಪಯಣದಲ್ಲಿ ತಲುಪಿ ನಿಲ್ಲುವ 1 ಟನ್ ನೌಕೆಗೆ ಸುಮಾರು 38 ಟನ್ ಇಂಧನ ಬೇಕು. ಅದರಲ್ಲಿ ಅರ್ಧ ಆಂಟಿಮ್ಯಾಟರ್. ಮನುಷ್ಯರು ಇದುವರೆಗೆ ತಯಾರಿಸಿರುವ ಆಂಟಿಮ್ಯಾಟರನ್ನೆಲ್ಲ ಕೂಡಿಸಿದರೂ ನ್ಯಾನೋಗ್ರಾಂಗಳಲ್ಲೇ ಇದೆ. ಅಲ್ಲಿ ಇಂಧನ ತುಂಬಿಸಿಕೊಳ್ಳದೆ ವಾಪಸ್ಸೂ ಬರುವುದಾದರೆ ಹೊರಡುವಾಗಿನ ತೂಕ ಬರೀ ನೌಕೆಯ ಸುಮಾರು 1,500 ಪಟ್ಟಾಗುತ್ತದೆ. ಫ್ಯೂಷನ್ (ಸೂರ್ಯನೊಳಗಿನಂತೆ ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯುವ) ಎಂಜಿನ್ ಎಂದು ಕಥೆಯಲ್ಲಿ ಹೇಳಿದರೆ ಈ ವೇಳಾಪಟ್ಟಿ ಉಳಿಯುವುದೇ ಇಲ್ಲ. ಹೊರಚಿಮ್ಮುವ ಕಣಗಳಿಗೆ ಬೆಳಕಿನ ಶೇ. 10 ವೇಗವನ್ನು ಉದಾರವಾಗಿ ಕೊಟ್ಟರೂ, ಬರೀ ಹೋಗುವುದಕ್ಕೇ ಹೊರಡುವಾಗಿನ ತೂಕಕ್ಕೂ ತಲುಪುವ ನೌಕೆಯ ತೂಕಕ್ಕೂ ಇರುವ ಅನುಪಾತ ಏಳರ ಮುಂದೆ 15 ಸೊನ್ನೆ ಬರೆದಷ್ಟಾಗುತ್ತದೆ. ಫ್ಯೂಷನ್‌ನಲ್ಲಿ ಪ್ರಾಮಾಣಿಕವಾಗಿ ಹೋಗಬೇಕೆಂದರೆ ಬೆಳಕಿನ ಶೇ. 10ರ ವೇಗ, 40 ವರ್ಷಕ್ಕೂ ಹೆಚ್ಚಿನ ಪಯಣ.

ಎಂಜಿನ್‌ನ ಮಟ್ಟಿಗೆ ಒಂದು ಅಸಾಧ್ಯವನ್ನು ನಾನು ಸಂತೋಷದಿಂದ ಒಪ್ಪಿಕೊಳ್ಳುತ್ತೇನೆ, ಕಥೆ ಶುರುವಾಗಲು ಅದು ಬೇಕು. ಆದರೆ ಒಪ್ಪಿದ ಮೇಲೆ ಅದರ ಪರಿಣಾಮಗಳನ್ನು ಸಿನಿಮಾ ತೋರಿಸಲೇಬೇಕು. ಬೆಳಕನ್ನು ಎಸೆದು 1 ನ್ಯೂಟನ್ ನೂಕುಬಲ ಪಡೆಯಲು 300 ಮೆಗಾವ್ಯಾಟ್ ಬೇಕು. 1,000 ಟನ್ ನೌಕೆಗೆ 1 ಜಿ ಕೊಡುವ ಹೊತ್ತಿಗೆ ಅದು ಸುಮಾರು 3,000 ಟೆರಾವ್ಯಾಟ್ ಆಗುತ್ತದೆ. ಇಡೀ ಮಾನವಕುಲದ ಬಳಕೆ ಸರಾಸರಿ 20 ಟೆರಾವ್ಯಾಟ್ ಆಸುಪಾಸು. ಇದರಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲು ನೌಕೆಯೊಳಗೆ ಸೋರಿದರೂ 3 ಗಿಗಾವ್ಯಾಟ್ ಶಾಖ. ನಿರ್ವಾತದಲ್ಲಿ ಗಾಳಿ ಇಲ್ಲ, ಶಾಖ ಹೊರಹೋಗುವುದು ವಿಕಿರಣದಿಂದ ಮಾತ್ರ. 1,000 ಕೆಲ್ವಿನ್‌ಗೆ ಕಾದು ಕೆಂಪಗಾದ ಒಂದು ಚದರ ಮೀಟರ್ ಫಲಕ ಎರಡೂ ಬದಿಯಿಂದ ಸುಮಾರು 113 ಕಿಲೋವ್ಯಾಟ್ ಹೊರಹಾಕುತ್ತದೆ. ಅಂದರೆ ಬರೀ ನೌಕೆಗೇ 26,000 ಚದರ ಮೀಟರ್ ಫಲಕ ಬೇಕು. ಇಂಧನ ತುಂಬಿಕೊಂಡು ಹೊರಡುವಾಗ ಸುಮಾರು ಒಂದು ಚದರ ಕಿಲೋಮೀಟರ್! ನುಣುಪಾದ ಬೆಳ್ಳಿಬಣ್ಣದ, ರೆಕ್ಕೆಯೇ ಇಲ್ಲದ ನೌಕೆ ಪೋಸ್ಟರ್‌ಗೆ ಚೆಂದ, ಆದರೆ ಅದು ಒಳಗಿನಿಂದಲೇ ಬೆಂದುಹೋಗುತ್ತದೆ. ಟ್ರೇಲರ್‌ನಲ್ಲಿ ಕೆಂಪಗೆ ಹೊಳೆಯುವ ದೊಡ್ಡ ಫಲಕಗಳು ಕಂಡರೆ ಟಿಕೆಟ್ ತೆಗೆಯಲು ನನಗೆ ಅಷ್ಟೇ ಸಾಕು.

ಹೆಚ್ಚಿನವರು ಮರೆಯುವ ಇನ್ನೊಂದು ತೊಡಕು ಧೂಳಿನದು. ಗರಿಷ್ಠ ವೇಗದಲ್ಲಿ ಎದುರಾಗುವ ಒಂದು ಮೈಕ್ರೋಗ್ರಾಂ ಕಣ 47 ಕೆ.ಜಿ. ಟಿಎನ್‌ಟಿ ಸ್ಫೋಟಿಸಿದಷ್ಟು ಶಕ್ತಿ ತರುತ್ತದೆ. ಹಾಗಾಗಿ ಮೂತಿಗೆ ದಪ್ಪ ಕವಚ ಬೇಕು. ಆದರೆ ನಡುದಾರಿಯಲ್ಲಿ ನೌಕೆ ತಿರುಗಿದ ಮೇಲೆ ಕವಚ ಹಿಂದಾಗಿ ಎಂಜಿನ್ ಮುಂದಾಗುತ್ತದೆ, ಅದೂ ವೇಗ ಅತಿ ಹೆಚ್ಚಿರುವ ಘಳಿಗೆಯಲ್ಲಿ. ಕವಚ ಎರಡೂ ತುದಿಗೆ ಬೇಕು, ಇಲ್ಲವೇ ಕಳಚಿ ಇನ್ನೊಂದು ತುದಿಗೆ ಒಯ್ಯಬೇಕು. ಇಷ್ಟನ್ನು ಯೋಚಿಸಿದ ಚಿತ್ರತಂಡಕ್ಕೆ ರೋಚಕ ದೃಶ್ಯವೊಂದು ತಾನಾಗಿಯೇ ಸಿಗುತ್ತದೆ.

ಕೊನೆಯದಾಗಿ, ಭೂಮಿಯೊಂದಿಗೆ ನೇರ ವಿಡಿಯೋ ಮಾತುಕತೆ ತೋರಿಸಿದರೆ ನಂಬಬೇಡಿ. ತಲುಪಿದ ಮೇಲೆ ಒಂದು ಪ್ರಶ್ನೆ ಕಳುಹಿಸಿ ಉತ್ತರ ಬರಲು ಎಂಟೂವರೆ ವರ್ಷ. ದಾರಿಯಲ್ಲಿ ಬೇರೆಯದೇ ವಿಚಿತ್ರ ಇದೆ: ನಡುದಾರಿಯಲ್ಲಿ ಡಾಪ್ಲರ್ ಪರಿಣಾಮದಿಂದ (ದೂರ ಸರಿಯುವವರಿಗೆ ಅಲೆಗಳು ಹಿಗ್ಗಿ ತಲುಪುವುದರಿಂದ) ಭೂಮಿಯ ಸಂಕೇತಗಳ ಆವೃತ್ತಿ ಆರರಲ್ಲೊಂದು ಪಾಲಿಗೆ ಇಳಿದಿರುತ್ತದೆ. 10 ನಿಮಿಷದ ಸಂದೇಶ ನೌಕೆಗೆ ಪೂರ್ತಿ ಬಂದು ಮುಗಿಯಲು ಒಂದು ಗಂಟೆ ಬೇಕು, ರಿಸೀವರನ್ನು ಹೊಸ ಆವೃತ್ತಿಗೆ ಹೊಂದಿಸಿಕೊಳ್ಳುತ್ತಲೇ ಇರಬೇಕು.