‘ಅರ್ಜಿ ಬರೆಯೋದು ಬಿಡು’ ಎಂದು ಬೆದರಿಸಿದರೆ ಎಫ್‌ಐಆರ್ ಆಗುವುದಿಲ್ಲವೇ?

ಪ್ರಶ್ನೆ: ಗೋಮಾಳದ ಅಂಚಿನಲ್ಲಿ ನಾವು ಇಪ್ಪತ್ತಕ್ಕೂ ಹೆಚ್ಚು ದಲಿತ ಕುಟುಂಬಗಳು ಮೂವತ್ತು ವರ್ಷದಿಂದ ಮನೆ ಕಟ್ಟಿಕೊಂಡಿದ್ದೇವೆ. ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆ ಸಕ್ರಮ ಮಾಡಿಕೊಡಿ ಎಂದು 94ಸಿ ಅರ್ಜಿ ಹಾಕಿದ್ದೇವೆ, ಹಕ್ಕುಪತ್ರ ಬಂದಿಲ್ಲ. ಈಗ ಬಾಯಿಮಾತಲ್ಲೇ ಖಾಲಿ ಮಾಡಿ ಅನ್ನುತ್ತಿದ್ದಾರೆ. ಎಲ್ಲರ ಪರವಾಗಿ ಅರ್ಜಿ ಬರೆಯುವವಳು ನಾನು. ಹೋದ ವಾರ ರಾತ್ರಿ ಇಬ್ಬರು ಮನೆಯೊಳಗೆ ನುಗ್ಗಿ, ‘ಅರ್ಜಿ ಬರೆಯೋದು ಬಿಡು, ಇಲ್ಲಾಂದ್ರೆ ಮನೆಗೆ ಬೆಂಕಿ ಬೀಳುತ್ತೆ’ ಅಂದರು. ದೂರು ಕೊಟ್ಟರೆ, ಇದು ಪೊಲೀಸರು ನೇರವಾಗಿ ತನಿಖೆ ಮಾಡುವ ಅಪರಾಧವಲ್ಲ ಎಂಬ ಎನ್‌ಸಿಆರ್ ಚೀಟಿ ಕೊಟ್ಟು ಕಳಿಸಿದರು. ಈಗ ಠಾಣೆಯಿಂದಲೇ ಸಂಜೆ ಹೊತ್ತು ಫೋನ್ ಮಾಡಿ ‘ಬಂದು ಹೋಗಮ್ಮ’ ಅನ್ನುತ್ತಾರೆ. ಏನು ಮಾಡಲಿ?
– ಓದುಗರು, ಕೋಲಾರ ಜಿಲ್ಲೆ

ವಕೀಲರ ಉತ್ತರ: ಆ ಎನ್‌ಸಿಆರ್ ಚೀಟಿಗೆ ಸುಮ್ಮನಾಗಬೇಡಿ. ಬರೀ ಬಾಯಿಮಾತಿನ ಬೆದರಿಕೆಯಾದರೆ, ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ, ನಿಜ. ಆದರೆ ನಿಮ್ಮ ವಿಷಯದಲ್ಲಿ ಅವರು ಮನೆಯೊಳಗೆ ನುಗ್ಗಿದ್ದಾರೆ. ಅತಿಕ್ರಮ ಪ್ರವೇಶಕ್ಕೆ ನೇರವಾಗಿ ಎಫ್‌ಐಆರ್ ಆಗಬೇಕು. ಒಂದೇ ಘಟನೆಯಲ್ಲಿ ಇಂಥ ಒಂದು ಅಪರಾಧ ಸೇರಿದರೂ ಇಡೀ ಪ್ರಕರಣವನ್ನು ಹಾಗೆಯೇ ತನಿಖೆ ಮಾಡಬೇಕು ಎನ್ನುತ್ತದೆ ನಾಗರಿಕ ಸುರಕ್ಷಾ ಸಂಹಿತೆಯ (ಹಿಂದಿನ ಸಿಆರ್‌ಪಿಸಿ ಬದಲಿಗೆ ಬಂದದ್ದು) 174ನೇ ಕಲಂ. ಬೆಂಕಿ ಹಚ್ಚುವ ಬೆದರಿಕೆಗಂತೂ ನ್ಯಾಯ ಸಂಹಿತೆಯ (ಹಿಂದಿನ ಐಪಿಸಿ ಬದಲಿಗೆ ಬಂದದ್ದು) 351(3)ರಲ್ಲಿ ಏಳು ವರ್ಷದವರೆಗೆ ಶಿಕ್ಷೆ ಇದೆ. ಬಂದವರು ಪರಿಶಿಷ್ಟ ಜಾತಿ, ಪಂಗಡದವರಲ್ಲದಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆಯನ್ನೂ ಸೇರಿಸಲು ಕೇಳಿ; ಆಗ ತನಿಖೆಗೆ ಡಿವೈಎಸ್‌ಪಿಯೇ ಬರಬೇಕು.

ಹಾಗಾಗಿ ದೂರನ್ನು ಮತ್ತೆ ಬರೆಯಿರಿ. ಎಷ್ಟು ಗಂಟೆಗೆ ಬಂದರು, ಯಾವ ಬಾಗಿಲಿಂದ ಒಳಬಂದರು, ಅಂದ ಮಾತೇನು, ಎಲ್ಲವೂ ಅದರಲ್ಲಿರಲಿ. ಅವರ ಮಾತನ್ನು ತಿದ್ದದೆ ಇದ್ದ ಹಾಗೇ ಬರೆಯಿರಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಸುರಕ್ಷಾ ಸಂಹಿತೆಯ 173(4)ರಡಿ ಎಸ್‌ಪಿಯವರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ, ಅಂಚೆ ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಇದ್ದಾರೆ. ಮಹಿಳೆಯಾದ್ದರಿಂದ ನಿಮಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ.

ಫೋನ್ ಬಂದಾಗ ಹೋಗಲೇಬೇಕೆಂದಿಲ್ಲ. ‘ನೋಟಿಸ್ ಕೊಡಿ ಸಾರ್’ ಎನ್ನಿ, ಅಷ್ಟೇ. ಸಾಕ್ಷಿಯಾಗಿ ವಿಚಾರಿಸುವುದಿದ್ದರೂ ಮಹಿಳೆಯನ್ನು ಆಕೆಯ ಮನೆಯಲ್ಲೇ ವಿಚಾರಿಸಬೇಕು, ಠಾಣೆಗೆ ಕರೆಸುವಂತಿಲ್ಲ. ಆ ಕರೆಗಳ ದಿನಾಂಕ, ವೇಳೆ ಗುರುತು ಹಾಕಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಮನೆಗಳ ವಿಷಯದಲ್ಲಿ, ಬಾಯಿಮಾತಿಗೆ ಯಾರೂ ಖಾಲಿ ಮಾಡಬೇಡಿ. 94ಸಿ ಅರ್ಜಿಯ ಸ್ಥಿತಿ ತಿಳಿಸುವ ಹಿಂಬರಹವನ್ನು ತಹಶೀಲ್ದಾರರಿಂದ ಕೇಳಿ. ಮನೆ ಕೆಡವಲು ಕನಿಷ್ಠ 15 ದಿನದ ನೋಟಿಸ್ ಕೊಡಬೇಕು, ಅಹವಾಲು ಕೇಳಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 13ರಂದು ಹೇಳಿದೆ. ರಸ್ತೆ, ಹೊಳೆ, ರೈಲು ಹಳಿಗೆ ಹೊಂದಿಕೊಂಡ ಒತ್ತುವರಿಗೆ ಇದು ಅನ್ವಯಿಸದು, ನಿಮ್ಮ ಜಾಗದ ಸರ್ವೆ ನಕ್ಷೆ ನೋಡಿಕೊಳ್ಳಿ.

ಇಂಥ ಹೋರಾಟಗಾರರಿಗಾಗಿಯೇ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದಲ್ಲಿ ಪ್ರತ್ಯೇಕ ಅಧಿಕಾರಿ ಇದ್ದಾರೆ. ದೂರಿಗೆ ಶುಲ್ಕವಿಲ್ಲ, ಘಟನೆಯಾದ ಒಂದು ವರ್ಷದೊಳಗೆ ಕೊಡಬೇಕು.

ಇನ್ನೊಂದು ಮಾತು. ಅಕ್ಷರ ಬಲ್ಲವಳು ನೀವೊಬ್ಬರೇ ಎಂದು ತಿಳಿದೇ ಅವರು ನಿಮ್ಮ ಮನೆಗೆ ಬಂದಿದ್ದಾರೆ. ಮುಂದಿನ ಅರ್ಜಿಯನ್ನೂ ನೀವೇ ಬರೆಯಿರಿ, ಆದರೆ ಅದರ ಕೆಳಗೆ ಪ್ರತಿ ಮನೆಯ ಸಹಿಯೋ ಹೆಬ್ಬೆಟ್ಟೋ ಇರಲಿ, ಕೊಡಲು ಎಲ್ಲರೂ ಒಟ್ಟಿಗೆ ಹೋಗಿ.