ವೇಗವಿದ್ದರೂ ವಿಡಿಯೊ ಏಕೆ ನಿಲ್ಲುತ್ತದೆ?

ಪ್ರಶ್ನೆ: ನಮ್ಮ ಇಂಟರ್ನೆಟ್ ಸಂಪರ್ಕದ ವೇಗವನ್ನು ಪರೀಕ್ಷಿಸಿದಾಗಲೆಲ್ಲ 100 ಎಂಬಿಪಿಎಸ್‌ಗಿಂತ ಹೆಚ್ಚೇ ತೋರಿಸುತ್ತದೆ. ಆದರೂ ಸಂಜೆ ಸಿನಿಮಾ ನೋಡುವಾಗ ಚಿತ್ರ ಆಗಾಗ ನಿಂತು ಚಕ್ರ ತಿರುಗುತ್ತದೆ. ವಿಡಿಯೊ ಕರೆಯಲ್ಲಂತೂ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡುವಂತಾಗುತ್ತದೆ. ಸಂಪರ್ಕ ಕೊಟ್ಟವರು ತಮ್ಮ ಕಡೆ ಎಲ್ಲ ಸರಿಯಿದೆ ಎನ್ನುತ್ತಾರೆ. ಯಾರ ಮಾತನ್ನು ನಂಬಬೇಕು?

ಉತ್ತರ: ಇಬ್ಬರ ಮಾತೂ ನಿಜವಿರಬಹುದು. ಅವರು ಹೇಳುತ್ತಿರುವುದು ಸೇವೆಯ ಗುಣಮಟ್ಟದ ಬಗ್ಗೆ, ಅಂದರೆ ವೇಗ, ವಿಳಂಬದಂತೆ ಜಾಲದಲ್ಲಿ ಅಳೆಯಬಹುದಾದ ಸಂಗತಿಗಳ ಬಗ್ಗೆ. ನಿಮ್ಮ ದೂರು ಇರುವುದು ಅನುಭವದ ಗುಣಮಟ್ಟದ ಬಗ್ಗೆ. ಒಂದು ಆ್ಯಪ್ ಅಥವಾ ಸೇವೆಯಿಂದ ಬಳಕೆದಾರರಿಗೆ ಆಗುವ ಸಂತೋಷ ಅಥವಾ ಕಿರಿಕಿರಿಯ ಪ್ರಮಾಣವೇ ಅನುಭವದ ಗುಣಮಟ್ಟ ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ವಿವರಿಸಿದೆ. ಈ ಪ್ರಮಾಣವನ್ನು ನಿರ್ಧರಿಸುವುದರಲ್ಲಿ ಗರಿಷ್ಠ ವೇಗಕ್ಕಿಂತ ಸ್ಥಿರತೆಯ ಪಾತ್ರವೇ ದೊಡ್ಡದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಿನಿಮಾ ನಿಮ್ಮ ಪರದೆಗೆ ಬರುವ ಬಗೆಯನ್ನು ನೋಡಿ. ಅದನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕನ್ನೂ ಹಲವು ಗುಣಮಟ್ಟಗಳಲ್ಲಿ ಸಿದ್ಧವಾಗಿಟ್ಟಿರುತ್ತಾರೆ. ನಿಮ್ಮ ಸಾಧನದಲ್ಲಿರುವ ಪ್ಲೇಯರ್ ಹಿಂದಿನ ತುಣುಕು ಎಷ್ಟು ಬೇಗ ಬಂತು, ಮುಂದಕ್ಕೆ ಎಷ್ಟು ದಾಸ್ತಾನಿದೆ ಎಂಬುದನ್ನು ನೋಡಿಕೊಂಡು ಮುಂದಿನದನ್ನು ಆರಿಸುತ್ತದೆ. ಅದು ಉತ್ತಮ ಗುಣಮಟ್ಟದ ದೊಡ್ಡ ತುಣುಕನ್ನು ಕೇಳಿದ ಕ್ಷಣದಲ್ಲೇ ವೇಗ ಕುಸಿದರೆ ದಾಸ್ತಾನು ಬರಿದಾಗಿ ಚಿತ್ರ ನಿಲ್ಲುತ್ತದೆ. 4ಕೆ ಚಿತ್ರಕ್ಕೂ ಸಾಮಾನ್ಯವಾಗಿ 25 ಎಂಬಿಪಿಎಸ್ ಸಾಕಾಗುತ್ತದೆಯಾದ್ದರಿಂದ, ನಿಮ್ಮ 100 ಎಂಬಿಪಿಎಸ್ ಪರೀಕ್ಷೆಯ ಆ ಅರ್ಧ ನಿಮಿಷದಲ್ಲಿ ಇತ್ತೇ ಎನ್ನುವುದಕ್ಕಿಂತ, ಸಿನಿಮಾ ಮುಗಿಯುವವರೆಗೂ ಅದರ ಕಾಲುಭಾಗವಾದರೂ ಬಿಡದೆ ಉಳಿಯಿತೇ ಎಂದು ಕೇಳಬೇಕು.

ಕಾಯುವ ವಿಷಯದಲ್ಲಿ ನೋಡುಗರ ತಾಳ್ಮೆ ಬಹಳ ಕಡಿಮೆ. ಕೋಟ್ಯಂತರ ವೀಕ್ಷಣೆಗಳ ದಾಖಲೆಯನ್ನು ಪರಿಶೀಲಿಸಿ 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ವಿಡಿಯೊ ಶುರುವಾಗಲು 2 ಸೆಕೆಂಡಿಗಿಂತ ತಡವಾದರೆ ಜನ ಬಿಟ್ಟುಹೋಗತೊಡಗುತ್ತಾರೆ. ಅಲ್ಲಿಂದಾಚೆ ಪ್ರತಿ ಸೆಕೆಂಡಿಗೆ ಶೇ 5.8ರಷ್ಟು ಹೆಚ್ಚು ಮಂದಿ ಹೊರನಡೆಯುತ್ತಾರೆ. ಆರಂಭದ ವಿಳಂಬವನ್ನಾದರೂ ಸಹಿಸಿಯಾರು, ಕಥೆಯ ನಡುವೆ ನಿಂತರೆ ಸಿಟ್ಟು ಬರುತ್ತದೆ. ಆದ್ದರಿಂದ ಚಿತ್ರ ಸ್ವಲ್ಪ ಮಸುಕಾದರೂ ನಿಲ್ಲದಂತೆ ನೋಡಿಕೊಳ್ಳುವ ಪ್ಲೇಯರನ್ನೇ ನಾನು ಒಳ್ಳೆಯದೆನ್ನುತ್ತೇನೆ.

ವಿಡಿಯೊ ಕರೆಯ ತೊಂದರೆ ಬೇರೆ ಬಗೆಯದು. ಅಲ್ಲಿ ಮುಂಚಿತವಾಗಿ ದಾಸ್ತಾನು ಮಾಡಿಕೊಳ್ಳಲು ಇನ್ನೂ ಆಡದ ಮಾತು ಸಿಗುವುದಿಲ್ಲ. ನಿಮ್ಮ ದನಿ ಅತ್ತ ತಲುಪಲು 150 ಮಿಲಿಸೆಕೆಂಡಿನೊಳಗೆ ಸಮಯ ಹಿಡಿದರೆ ಸಂಭಾಷಣೆ ಸಾಮಾನ್ಯವಾಗಿ ಸಹಜವಾಗಿರುತ್ತದೆ. 400 ಮಿಲಿಸೆಕೆಂಡನ್ನು ಮೀರಬಾರದೆಂದು ಒಕ್ಕೂಟದ ಶಿಫಾರಸಿದೆ. ವಿಳಂಬ ಹೆಚ್ಚಾದಾಗ ಎದುರಿನವರು ಸುಮ್ಮನಿದ್ದಾರೆಂದು ನೀವು ಮಾತು ಶುರುಮಾಡುತ್ತೀರಿ, ಅಷ್ಟರಲ್ಲಿ ಅವರು ಆಗಲೇ ಆಡಿದ್ದ ಮಾತು ಬಂದು ತಲುಪುತ್ತದೆ. ಮನೆಯಲ್ಲಿ ಇನ್ನೊಬ್ಬರ ಫೋನು ಅದೇ ಹೊತ್ತಿಗೆ ಫೋಟೊಗಳನ್ನು ಅಪ್‌ಲೋಡ್ ಮಾಡುತ್ತಿದ್ದರೆ, ನಿಮ್ಮ ದನಿಯನ್ನು ಹೊತ್ತ ದತ್ತಾಂಶದ ಸಣ್ಣ ಪೊಟ್ಟಣಗಳು ರೌಟರಿನಲ್ಲಿ ಅವುಗಳ ಹಿಂದೆ ಸಾಲುಗಟ್ಟಬೇಕಾಗುತ್ತದೆ. ಡೌನ್‌ಲೋಡ್ ವೇಗವನ್ನಷ್ಟೇ ತೋರಿಸುವ ಪರೀಕ್ಷೆಯಲ್ಲಿ ಇದು ಕಾಣುವುದೇ ಇಲ್ಲ. ಕರೆಯ ಹೊತ್ತಿನಲ್ಲಿ ಅಪ್‌ಲೋಡ್ ನಿಲ್ಲಿಸಿ, ಸಾಧ್ಯವಾದರೆ ವೈ-ಫೈ ಬದಲು ಕೇಬಲ್ ಜೋಡಿಸಿ ನೋಡಿ. ವ್ಯತ್ಯಾಸ ಕಂಡರೆ ದೋಷ ಮನೆಯೊಳಗೇ ಇದೆ.

ಪ್ರಶ್ನೆ: ಒಂದೇ ಆ್ಯಪ್, ಒಂದೇ ಬಗೆಯ ಫೋನು. ನನಗೆ ಚೆನ್ನಾಗಿದೆ ಅನ್ನಿಸಿದ್ದು ನನ್ನ ತಂದೆಯವರಿಗೆ ಉಪಯೋಗಕ್ಕೆ ಬಾರದ್ದು ಅನ್ನಿಸುತ್ತದೆ. ಇದು ಬರೀ ಅಭ್ಯಾಸದ ಪ್ರಶ್ನೆಯೇ?

ಉತ್ತರ: ಅಭ್ಯಾಸ ಒಂದು ಭಾಗ ಮಾತ್ರ. ತಂತ್ರಾಂಶ, ಸಾಧನ, ಜಾಲ ಒಂದು ಕಡೆ; ಬಳಸುವ ವ್ಯಕ್ತಿ ಇನ್ನೊಂದು ಕಡೆ; ಬಳಸುವ ಸಂದರ್ಭ ಮತ್ತೊಂದು ಕಡೆ. ಈ ಮೂರೂ ಸೇರಿ ಅನುಭವ ರೂಪುಗೊಳ್ಳುತ್ತದೆ. ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಕ್ರಮೇಣ ಮಸುಕಾಗುವುದು, ವಯಸ್ಸಾದಂತೆ ತಾರಕ ದನಿಗಳು ಕೇಳದಾಗುವುದು ದೇಹಸಹಜ. ಬಿಳಿ ಹಿನ್ನೆಲೆಯ ಮೇಲೆ ತೆಳು ಬೂದು ಅಕ್ಷರಗಳನ್ನಿಟ್ಟ ಆ್ಯಪ್ ಎಷ್ಟೇ ಚುರುಕಾಗಿ ತೆರೆದುಕೊಂಡರೂ ಅವರ ಪಾಲಿಗೆ ಕೆಟ್ಟದ್ದೇ. ಇದನ್ನು ಬಳಕೆದಾರರ ಕೊರತೆಯೆಂದು ತಳ್ಳಿಹಾಕುವುದು ಅನ್ಯಾಯ, ಏಕೆಂದರೆ ತಿದ್ದುವ ಅಧಿಕಾರವಿರುವುದು ವಿನ್ಯಾಸ ಮಾಡುವವರ ಕೈಯಲ್ಲಿ. ಸದ್ಯಕ್ಕೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಕ್ಷರದ ಗಾತ್ರವನ್ನು ಹಿಗ್ಗಿಸಿ, ವಿಡಿಯೊಗಳಿಗೆ ಅಡಿಬರಹ ಬರುವಂತೆ ಮಾಡಿಕೊಡಿ. ಹಿಗ್ಗಿಸಿದ ಮೇಲೆ ಯಾವುದಾದರೂ ಗುಂಡಿ ಪರದೆಯಿಂದಾಚೆ ಹೋದರೆ, ಆ ಆ್ಯಪನ್ನು ಹಿರಿಯರ ಕೈಯಲ್ಲಿಟ್ಟು ಪರೀಕ್ಷಿಸಿಲ್ಲ ಎಂದೇ ನಾನು ತಿಳಿಯುತ್ತೇನೆ.

ಪ್ರಶ್ನೆ: ಕರೆ ಮುಗಿದ ಮೇಲೆ ಐದು ನಕ್ಷತ್ರಗಳಲ್ಲಿ ಅಂಕ ಕೇಳುತ್ತಾರೆ. ಕೊಡುವುದರಿಂದ ಪ್ರಯೋಜನವಿದೆಯೇ?

ಉತ್ತರ: ಇದೆ. ಫೋನಿನ ದನಿಯನ್ನು ಕೇಳುಗರಿಂದ 1ರಿಂದ 5ರವರೆಗೆ ಅಂಕ ಹಾಕಿಸಿ ಸರಾಸರಿ ತೆಗೆಯುವ ಪದ್ಧತಿ ಹಳೆಯದು. ಆದರೆ ಅರ್ಧ ಜನ 5, ಉಳಿದರ್ಧ 1 ಕೊಟ್ಟರೂ ಸರಾಸರಿ 3 ಬರುತ್ತದೆ. ಆ 3ರ ಅನುಭವ ಯಾರಿಗೂ ಆಗಿರುವುದಿಲ್ಲ. ಕೊನೆಯ ಗಳಿಗೆಯಲ್ಲಿ ದನಿ ಒಡೆದಿದ್ದರೆ ಅದುವರೆಗಿನ ಒಳ್ಳೆಯ ಕರೆಗೂ ನಾವು ಕಡಿಮೆ ಅಂಕ ಹಾಕುತ್ತೇವೆ. ಹಾಗಾಗಿ ನಕ್ಷತ್ರದ ಜೊತೆಗೆ ಕಾರಣ ಬರೆಯಲು ಅವಕಾಶವಿದ್ದರೆ, ದನಿ ತಡವಾಯಿತೋ, ತುಂಡಾಯಿತೋ, ಚಿತ್ರ ಮಾತ್ರ ನಿಂತಿತೋ ಎಂಬುದನ್ನು ಬಿಡಿಸಿ ಬರೆಯಿರಿ. ತಡವಾಗುವುದಕ್ಕೂ ತುಂಡಾಗುವುದಕ್ಕೂ ಪರಿಹಾರ ಒಂದೇ ಅಲ್ಲ.